ಹದಿನಾರು ಹಲ್ಲಿನ ಲ್ಯಾಪ್‌ಟಾಪ್

ನಮ್ಮ ಕಡೆ ಎತ್ತು ಕೊಳ್ಳಲು ಯಾರೂ ಒಬ್ಬರೇ ಹೋಗುವುದಿಲ್ಲ. ಹಲ್ಲು ನೋಡುವವನೊಬ್ಬ, ಸುಳಿ ನೋಡುವವನೊಬ್ಬ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುವವನೊಬ್ಬ, ಏನೂ ನೋಡದೆ ಚಹಾ ಕುಡಿಯಲಿಕ್ಕೆಂದೇ ಬರುವವರು ಇಬ್ಬರು. ಕೊಳ್ಳುವವನು ಮಾತ್ರ ಒಳಗಿಸೆಯ ಮೇಲೆ ಕೈಯೊತ್ತಿಕೊಂಡು ಸುಮ್ಮನೆ ನಿಂತಿರುತ್ತಾನೆ. ಮುಂದೆ ಆ ಎತ್ತಿನ ಹಿಂದೆ ದಿನವಿಡೀ ಗಳೆ ಹೊಡೆಯುವ ಆಳುಮಗನ ಅಭಿಪ್ರಾಯವನ್ನಂತೂ ಯಾರೂ ಕೇಳುವುದಿಲ್ಲ.

ಹೋದ ವರ್ಷ ಕಾರ ಹುಣ್ಣಿಮೆಯ ಆಸುಪಾಸು ನನ್ನ ಅಕ್ಕನ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವ ಮಾತು ಬಂದಾಗ ಕಕ್ಕೇರಾದ ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿದ್ದು ಇದೇ ಪಟಾಲಂ. ಹುಡುಗಿ ಒಳಗೆ ಅಡುಗೆಮನೆಯಲ್ಲಿ ಮಂಡಾಳು ತೋಯಿಸುತ್ತಿದ್ದಳು, ಸುಸಲಾ ಮಾಡಲು. ಅವಳನ್ನು ಕರೆದು ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಅವಳಿಗೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಬಿ.ಡೆಸ್. ಸೀಟು ಸಿಕ್ಕಿತ್ತು. ನಾಲ್ಕು ವರ್ಷದ ಓದು. ಬಿ.ಡೆಸ್. ಎಂದರೇನೆಂದು ಕಟ್ಟೆಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳಿಗೆ ನಾನು ಮಾಮಾ, ಅವಳಪ್ಪ ನನಗೆ ಮಾವ. ಇಬ್ಬರ ನಡುವೆ ಇಂಥ ಕೆಲಸಗಳೆಲ್ಲ ನನಗೇ ಬೀಳುತ್ತವೆ. "ಡಿಸೈನ್ ಕಲಿಲಾಕ ಬೆಂಗಳೂರು ಯಾಕ್ರಿ? ಸುರಪುರದಾಗ ಟೇಲರ್ ಇಲ್ಲೇನು?" ಎಂದರು ಒಬ್ಬರು. ತಪ್ಪೇನಿಲ್ಲ, ನಮ್ಮಲ್ಲಿ ಡಿಸೈನ್ ಎಂದರೆ ಜಂಪರಿನ ಬೆನ್ನು. ಇನ್ನೊಬ್ಬರು, "ರಂಗೋಲಿ ನಮ್ಮನ್ಯಾಗ ಎಲ್ಲಾರೂ ಹಾಕ್ತಾರ, ಅದಕ್ಕೂ ಡಿಗ್ರಿ ಅದ ಏನು?" ಎಂದರು.

ನಾನು ಗೋಡೆಯ ಕಡೆ ಕೈ ತೋರಿಸಿದೆ. ಪಡಸಾಲೆಯಲ್ಲಿ ಅಪ್ಪನ ಕಾಲದ ಕ್ಯಾಲೆಂಡರಿನ ಚಿತ್ರವೊಂದಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದೇವೆ. ತಾರೀಖಿನ ಹಾಳೆ ಹೋಗಿ ದಶಕಗಳಾದವು, ದೇವರು ಉಳಿದಿದ್ದಾನೆ. "ಇದನ್ನ ಯಾರರ ಒಬ್ರು ಬರೆದಾರ ಅಲ್ರಿ? ಆ ಕೆಲಸ" ಎಂದೆ. ಇಂಥ ಚಿತ್ರಗಳನ್ನು ಬರೆದು ದೇಶದ ಗೋಡೆಗಳನ್ನೆಲ್ಲ ತುಂಬಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ಕಲಬುರಗಿಯವರೇ, ಎಸ್.ಎಂ. ಪಂಡಿತರು. 1916ರಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರು, ಕ್ಯಾಲೆಂಡರು, ಪತ್ರಿಕೆಯ ಮುಖಪುಟ ಎಲ್ಲ ಬರೆದು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು. ಅಲ್ಲಿ ನಾಟಕ ನೋಡಲು ಹೋದವರಲ್ಲಿ ಎಷ್ಟು ಮಂದಿಗೆ ಆ ಪಂಡಿತರು ಸಂಗೀತಗಾರರಲ್ಲ, ಚಿತ್ರಗಾರರು ಎಂದು ಗೊತ್ತೋ! ಅವರ ಕಾಲಕ್ಕೆ ಬಿ.ಡೆಸ್. ಎಂಬ ಮಾತಿರಲಿಲ್ಲ, ಕೆಲಸ ಮಾತ್ರ ಇತ್ತು. "ಅವ್ರಿಗೆ ಲ್ಯಾಪ್‌ಟಾಪ್ ಯಾರ್ ಕೊಡಿಸಿದ್ರು?" ಎಂದು ಮಾವ ಕೇಳಿಬಿಟ್ಟರು. ಪ್ರಶ್ನೆ ಚೆನ್ನಾಗಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ, ಸುಸಲಾ ಬಂತು, ಬಚಾವಾದೆ.

ಆಮೇಲೆ ಲೆಕ್ಕ ಶುರುವಾಯಿತು. ಮಾವನ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ, ಚೀಲದಲ್ಲಿ ನಡೆಯುತ್ತದೆ. ಕಾಲುವೆಯ ಕೆಳಗೆ ಗದ್ದೆ ಇರುವವರೆಲ್ಲ ಹಾಗೆಯೇ. ನಮ್ಮಲ್ಲಿ ಭತ್ತದ ಚೀಲ ಎಂದರೆ 75 ಕಿಲೋ. 2025-26ಕ್ಕೆ ಸರಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಅಂದರೆ ಚೀಲಕ್ಕೆ ಸುಮಾರು 1,777. ಕೊನೆಗೆ ನಾವು ತಂದ ಲ್ಯಾಪ್‌ಟಾಪಿನ ಬೆಲೆ 71,990. ಭಾಗಿಸಿ ನೋಡಿ, ನಲವತ್ತೂವರೆ ಚೀಲ. ಒಳ್ಳೆ ಪೀಕು ಬಂದ ವರ್ಷ ಹೆಚ್ಚುಕಡಿಮೆ ಒಂದೆಕರೆಯ ರಾಶಿ, ಅದೂ ಬೀಜ, ಗೊಬ್ಬರ, ನಾಟಿಯ ಕೂಲಿ ಯಾವುದನ್ನೂ ಕಳೆಯದೆ. ಅದರೊಳಗೆ ಶೇ. 18 ಜಿಎಸ್‌ಟಿ ಎಂದು ತಿಳಿದಾಗ ಮಾವ ಬೆರಳು ಮಡಿಸಿ, "ಆರು ಚೀಲ ಅವ್ರಿಗೇ ಆತಲ್ಲೋ!" ಎಂದರು. ದಿಲ್ಲಿಯ ಕಡೆ ನೋಡಿದರು. ನಮ್ಮ ಕಟ್ಟೆಯಿಂದ ದಿಲ್ಲಿ ಉತ್ತರಕ್ಕಿದೆ ಎನ್ನುವುದು ಅವರಿಗೆ ಗೊತ್ತು.

ಇಲ್ಲೊಂದು ಉಪಯೋಗದ ಮಾತು ಹೇಳಿ ಮುಂದೆ ಹೋಗುತ್ತೇನೆ. ಶಿಕ್ಷಣ ಸಾಲ ತೆಗೆಯುವವರು ಫೀ, ಹಾಸ್ಟೆಲ್ ಅಷ್ಟನ್ನೇ ಬರೆದು ಕೊಡುತ್ತಾರೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರಿನ ಖರ್ಚನ್ನೂ ಸೇರಿಸಲು ಅವಕಾಶವಿದೆ. ಡಿಸೈನ್ ಓದಿಗೆ ಅದು ಅಗತ್ಯವೆಂದು ಕಾಲೇಜಿನಿಂದ ಬರೆಸಿಕೊಂಡು ಹೋದರೆ ಮಾತಾಡಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ. ನಮಗೆ ಇದು ಗೊತ್ತಾದದ್ದು ಕೊಂಡ ಮೇಲೆ.

ಇರಲಿ. ಹಲ್ಲಿನ ಮಾತಿಗೆ ಬರೋಣ.

ಎತ್ತಿನ ಕೆಳದವಡೆಯ ಮುಂದೆ ಎಂಟು ಹಲ್ಲು. ಹಾಲುಹಲ್ಲು ಬಿದ್ದು ಎರಡೆರಡಾಗಿ ದೊಡ್ಡ ಹಲ್ಲು ಬರುತ್ತವೆ. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನದು, ಆರು ಹಲ್ಲಿನದು. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತೇವೆ, ಪೂರಾ ದುಡಿಮೆಗೆ ಬಂದ ಎತ್ತು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡವರಿಗೆ ಲ್ಯಾಪ್‌ಟಾಪಿನ ರ‍್ಯಾಮ್ ತಿಳಿಸುವುದು ಬಹಳ ಸುಲಭ, ಬಹಳ ಕಷ್ಟ. ಸುಲಭ ಯಾಕೆಂದರೆ ಅಲ್ಲೂ 4, 8, 16, 32 ಎಂದೇ ಎಣಿಸುತ್ತಾರೆ. ಕಷ್ಟ ಯಾಕೆಂದರೆ ಅಲ್ಲಿ ಎಂಟು ಹಲ್ಲಿನದು ಇನ್ನೂ ಕರು. ಎಂಟು ಜಿಬಿಯಲ್ಲಿ ಫೋಟೋಶಾಪ್ ತೆರೆದು, ಇಲಸ್ಟ್ರೇಟರ್ ತೆರೆದು, ಹಿಂದೆ ಬ್ರೌಸರಿನಲ್ಲಿ ಹತ್ತು ಕಿಟಕಿ ತೆರೆದರೆ ಗಳೆ ನಿಂತೇಬಿಡುತ್ತದೆ. ಡಿಸೈನ್ ಓದುವವರಿಗೆ ಹದಿನಾರಕ್ಕೆ ಬಾಯಿಗೂಡುವುದು. ಅಂಗಡಿಯವರು ಎಂಟರದ್ದನ್ನು ತೋರಿಸಿ "ಆಮೇಲೆ ಹಾಕಿಸಬಹುದು" ಎಂದರೆ ನಂಬಬಾರದು. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹುಟ್ಟಿದಾಗ ಎಷ್ಟೋ ಸಾಯುವತನಕ ಅಷ್ಟೇ. ಆ್ಯಪಲ್‌ನವರು ಕೂಡ ವರ್ಷಗಟ್ಟಲೆ ಎಂಟು ಸಾಕು ಸಾಕು ಎನ್ನುತ್ತಿದ್ದವರು 2024ರ ಅಕ್ಟೋಬರಿನಲ್ಲಿ ಮ್ಯಾಕ್‌ಬುಕ್ ಏರ್‌ನ ಕನಿಷ್ಠವನ್ನೇ ಹದಿನಾರಕ್ಕೆ ಏರಿಸಿದರು.

"ಹದಿನಾರು ಹಲ್ಲಿಂದು ತಗೋರಿ ಹಂಗಾದ್ರ" ಎಂದು ಕಟ್ಟೆ ತೀರ್ಮಾನ ಕೊಟ್ಟಿತು. ಅಲ್ಲಿಗೆ ಹಲ್ಲಿನ ವಿಚಾರ ಮುಗಿಯಿತು. ಸುಳಿಯ ವಿಚಾರ ಹತ್ತಿತು.

ಚಿಕ್ಕಪ್ಪನ ಮೊಮ್ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಅವನದು ಗೇಮಿಂಗ್ ಲ್ಯಾಪ್‌ಟಾಪು. ಅದನ್ನು ತಂದು ಕಟ್ಟೆಯ ಮೇಲೆ ಬಿಚ್ಚಿದ. ಕೀಲಿಮಣೆಯೊಳಗಿಂದ ಕೆಂಪು, ಹಸಿರು, ನೀಲಿ ಬೆಳಕು ಓಡಾಡತೊಡಗಿತು. ನನಗೆ ನಮ್ಮೂರ ಹುಡುಗರ ಟ್ರ್ಯಾಕ್ಟರು ನೆನಪಾದವು. ಬಾನೆಟ್ಟಿನ ಮೇಲೆ ಲೈಟಿನ ಸರ, ಹಿಂದೆ ಮಂಚದಷ್ಟು ದೊಡ್ಡ ಸ್ಪೀಕರು, ಭತ್ತದ ಚೀಲ ಹೇರಿಕೊಂಡು ಬರುವಾಗ ಹಾಡು ಮೂರು ದೊಡ್ಡಿ ದಾಟಿ ಕೇಳಬೇಕು. ಎಂಜಿನ್ನಿಗೂ ಲೈಟಿಗೂ ಸಂಬಂಧವಿಲ್ಲ. ಆದರೂ ನ್ಯಾಯ ಬಿಟ್ಟು ಮಾತಾಡಬಾರದು. ಈ ಗೇಮಿಂಗ್ ಲ್ಯಾಪ್‌ಟಾಪಿನೊಳಗೆ ಬೇರೆಯದೇ ಒಂದು ಗ್ರಾಫಿಕ್ಸ್ ಚಿಪ್ಪು ಇರುತ್ತದೆ. ಮೂರು ಆಯಾಮದ ಮಾದರಿ ಕಟ್ಟಿ ಅದಕ್ಕೆ ಬೆಳಕು ನೆರಳು ಕೊಟ್ಟು ಚಿತ್ರ ತೆಗೆಯುವವರಿಗೆ, ಎನಿಮೇಷನ್ ಓದುವವರಿಗೆ, ಮನೆಯ ಒಳಾಂಗಣ ಮಾಡುವವರಿಗೆ ಅದು ಬೇಕೇ ಬೇಕು. 3ಡಿಎಸ್ ಮ್ಯಾಕ್ಸ್, ರೆವಿಟ್, ಸಾಲಿಡ್‌ವರ್ಕ್ಸ್ ಇವೆಲ್ಲ ವಿಂಡೋಸ್ ಮೇಲೆ ಮಾತ್ರ ನಡೆಯುವಂಥವು. ಕಚ್ಚಿದ ಸೇಬಿನ ಆಸೆಗೆ ಬಿದ್ದು ಮ್ಯಾಕ್ ತಂದುಕೊಂಡ ಪ್ರಾಡಕ್ಟ್ ಡಿಸೈನಿನ ಹುಡುಗರು ಎರಡನೇ ವರ್ಷ ಗೆಳೆಯರ ಲ್ಯಾಪ್‌ಟಾಪಿನ ಮುಂದೆ ಕಾಯುತ್ತ ಕೂರುತ್ತಾರೆ. ನಮ್ಮ ಹುಡುಗಿಯದು ಕಮ್ಯುನಿಕೇಶನ್ ಡಿಸೈನು. ಅಕ್ಷರ, ಪುಸ್ತಕ, ಪೋಸ್ಟರು, ಮೊಬೈಲಿನ ಪರದೆ. ಅವಳಿಗೆ ಆ ಚಿಪ್ಪು ಇದ್ದರೆ ಇರಲಿ, ಇಲ್ಲದಿದ್ದರೆ ಹೋಗಲಿ.

ಆ ಲ್ಯಾಪ್‌ಟಾಪಿನ ತೂಕ ಎರಡೂವರೆ ಕಿಲೋ. ಅದರ ಚಾರ್ಜರು ಅದಕ್ಕೆ ಸರಿಯಾದ ತಮ್ಮ. ಮೇ ತಿಂಗಳು ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಆ ಕಾವು ಇನ್ನೂ ಆರದ ಹೊತ್ತಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗ ಒಂದು ಆಟ ಆಡಿ ತೋರಿಸಿದ. ಒಳಗಿನ ಪಂಖ ರಾಶಿ ತೂರುವ ಮಷಿನ್ನಿನಂತೆ ಕೂಗಿತು. ಮಾವ ಅದರ ಬದಿಗೆ ಕೈ ಹಿಡಿದು, "ರೊಟ್ಟಿ ಬಡೀಬಹುದು" ಎಂದರು.

ಚಾರ್ಜರಿನ ಮಾತು ಬಂತಲ್ಲ, ಅದರ ಹೊಟ್ಟೆಯ ಮೇಲೆ ಇರುವೆಸಾಲಿನಂಥ ಅಕ್ಷರದಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದು ಬರೆದಿರುತ್ತದೆ. ನಾನು ಎರಡು ಕನ್ನಡಕ ಒಂದರ ಮೇಲೊಂದು ಹಿಡಿದು ಓದಿದ್ದೇನೆ. ನಮ್ಮಲ್ಲಿ ಸಂಜೆ ವೋಲ್ಟೇಜು ಬಿದ್ದು ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತ ಹತ್ತದೇ ಇದ್ದಾಗಲೂ ಲ್ಯಾಪ್‌ಟಾಪು ಚಾರ್ಜ್ ಆಗುವುದು ಇದೇ ಕಾರಣಕ್ಕೆ. ದೊಡ್ಡಿಯಿಂದ ಬಂದ ಹುಡುಗನೊಬ್ಬ ನನಗೆ, "ಕರೆಂಟ್ ನಮಗ ಸಾಲಂಗಿಲ್ಲ, ಅದಕ್ಕ ಸಾಲತದ ನೋಡ್ರಿ" ಎಂದಿದ್ದ. ಸಣ್ಣ ಚಪ್ಪಟೆ ಸಿ ಪಿನ್ನಿನಿಂದ 65 ವಾಟಿನಲ್ಲಿ ಚಾರ್ಜ್ ಆಗುವಂಥದ್ದಾದರೆ ಮತ್ತೂ ಒಳ್ಳೆಯದು, ಊರಿಗೆ ಬರುವಾಗ ಚಾರ್ಜರು ಮರೆತರೂ ಯಾರದಾದರೂ ಒಂದು ಸಿಗುತ್ತದೆ.

ಇಷ್ಟೆಲ್ಲ ತಿಳಿದವನಂತೆ ಬರೆಯುತ್ತಿದ್ದೇನೆ, ಆದರೆ ನಾನು ನನಗಾಗಿ ಕೊಂಡದ್ದರ ಕತೆ ಬೇರೆ. ಏಳು ವರ್ಷದ ಹಿಂದೆ ಒಂದು ಊರಿನ ಒಂದು ಅಂಗಡಿಯಲ್ಲಿ "ಐ ಸೆವೆನ್ ಅದ್ರಿ ಸರ್, ಟಾಪ್ ಮಾಡೆಲ್" ಎಂದು ಒಂದನ್ನು ಕಟ್ಟಿದರು. ಏಳು ಎಂದರೆ ಮೂರಕ್ಕಿಂತ, ಐದಕ್ಕಿಂತ ಮೇಲು ಎಂದು ತಲೆಯಾಡಿಸಿ ತಂದೆ. ಮನೆಗೆ ಬಂದು ನೋಡಿದರೆ ಅದು ನಾಲ್ಕನೇ ತಲೆಮಾರಿನ ಐ ಸೆವೆನ್. ಹೊಸ ತಲೆಮಾರಿನ ಐ ತ್ರೀ ಎದುರು ಅದು ನಿಲ್ಲುವುದಿಲ್ಲ. ಇದು ದೊಡ್ಡ ಗೌಡರ ಮನೆಯ ಹುಡುಗ ಎಂದು ಹೆಣ್ಣು ಕೊಟ್ಟ ಹಾಗೆ. ವಾಡೆ ಕಟ್ಟಿದ ಗೌಡನೋ, ವಾಡೆ ಮಾರಿದ ಗೌಡನೋ ಎಂದು ತಲೆಮಾರು ಕೇಳಬೇಡವೇ? ಮೇಲಾಗಿ ಅದರೊಳಗಿದ್ದದ್ದು ತಿರುಗುವ ಹಳೇ ಹಾರ್ಡ್ ಡಿಸ್ಕ್. ಬಟನ್ ಒತ್ತಿ, ಹಿತ್ತಲಿಗೆ ಹೋಗಿ ಎಮ್ಮೆ ಹಿಂಡಿಕೊಂಡು, ಹಾಲು ಕಾಯಲಿಟ್ಟು ಬಂದರೆ ಆಗತಾನೆ ಕಣ್ಣು ಬಿಡುತ್ತಿರುತ್ತಿತ್ತು. ಈಗ ಎಸ್‌ಎಸ್‌ಡಿ ಇಲ್ಲದ್ದು ಸಿಗುವುದೇ ಅಪರೂಪ. ಆದರೂ ಎರಡನೇ ಕೈಯದು ಕೊಳ್ಳುವವರು ಒಮ್ಮೆ ಕೇಳಿಕೊಳ್ಳಲಿ.

ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ಲ್ಯಾಪ್‌ಟಾಪಿನ ವ್ಯಾಪಾರದಲ್ಲಿ ಬೆಲೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ, ಮಾಲೇ ಟವೆಲ್ಲಿನ ಕೆಳಗಿರುತ್ತದೆ.

ಮೂರು ದಿನ ಕಟ್ಟೆ ಕೂಡಿತು, ಚದುರಿತು. ನಾಲ್ಕನೆಯ ದಿನ ಹುಡುಗಿ ಚಹಾದ ಕಪ್ಪು ತೆಗೆದುಕೊಳ್ಳಲು ಹೊರಗೆ ಬಂದವಳು, "ಮಾಮಾ, ಒಂದ್ ಮಾತು. ಮೊದಲನೇ ವರ್ಷ ಅದು ಅಷ್ಟು ಬೇಕಾಗಂಗಿಲ್ಲಂತ" ಎಂದಳು. ಕಟ್ಟೆ ಗಪ್ಪಾಯಿತು. ಅವಳು ಆ ಕಾಲೇಜಿನ ಸೀನಿಯರ್ ಒಬ್ಬಳಿಗೆ ಮೊದಲೇ ಫೋನ್ ಮಾಡಿ ಕೇಳಿದ್ದಳು. ಡಿಸೈನ್ ಶಾಲೆಗಳಲ್ಲಿ ಮೊದಲ ವರ್ಷ ಫೌಂಡೇಶನ್ ಎನ್ನುತ್ತಾರೆ. ಪೆನ್ಸಿಲ್ಲು, ಬಣ್ಣ, ಕಾಗದ, ಮಣ್ಣು, ತಂತಿ ಇವುಗಳಲ್ಲೇ ಕೈ ಪಳಗಿಸುತ್ತಾರೆ. ಯಾವ ಶಾಖೆ ಎನ್ನುವುದು ಕೆಲವು ಕಡೆ ಆಮೇಲೆಯೇ ಗಟ್ಟಿಯಾಗುವುದು. ಅಷ್ಟರಲ್ಲಿ ಯಾವ ಸಾಫ್ಟ್‌ವೇರ್, ಎಷ್ಟು ಭಾರದ ಕೆಲಸ ಎಂದು ತಿಳಿದಿರುತ್ತದೆ. "ಹಂಗಾದ್ರ ಈಗ ಬ್ಯಾಡ" ಎಂದರು ಮಾವ, ಮುಖ ಅರಳಿಸಿ. ಇದು ನಿಜಕ್ಕೂ ಒಳ್ಳೆ ಬುದ್ಧಿ, ಕಾಯುವ ಅನುಕೂಲ ಇದ್ದವರು ಒಂದು ಸೆಮಿಸ್ಟರ್ ಕಾಯಬೇಕು. ನಮಗೆ ಅನುಕೂಲವಿರಲಿಲ್ಲ. ಅರ್ಜಿ, ಅಸೈನ್‌ಮೆಂಟು ಎಲ್ಲ ಆನ್‌ಲೈನು. ಮತ್ತೆ ದೀಪಾವಳಿಯ ಹೊತ್ತಿಗೆ ಮಾವನ ಕೈಯಲ್ಲಿ ದುಡ್ಡಿರುತ್ತದೆ ಎಂದು ಯಾವ ದೇವರೂ ಬರೆದುಕೊಡುವುದಿಲ್ಲ.

"ಮತ್ತ ನೀ ಎಂಥದ್ ನೋಡ್ತಿ?" ಎಂದು ಕೊನೆಗೂ ಕೇಳಿದೆ.

"ಪರದೆ ನೋಡ್ತೀನಿ, ಮಾಮಾ" ಎಂದಳು.

ನಮ್ಮ ಪಟಾಲಮ್ಮಿನಲ್ಲಿ ಮೂರು ದಿನದಲ್ಲಿ ಒಬ್ಬನೂ ಆ ಶಬ್ದ ಎತ್ತಿರಲಿಲ್ಲ.

ಕಲಬುರಗಿಗೆ ಹೊರಟೆವು, ನಾನು, ಮಾವ, ಅವಳು. ಸುರಪುರ, ಶಹಾಪುರ, ಜೇವರ್ಗಿ ಹಾಯ್ದು ಭೀಮಾ ನದಿ ದಾಟಿ ಹೋಗುವ ದಾರಿ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ಮಡಿಲಲ್ಲಿ ಒಂದು ಕೈಚೀಲ. ಅದರೊಳಗೆ ಏನಿದೆ ಎಂದು ನಾನು ಕೇಳಲಿಲ್ಲ, ರೊಟ್ಟಿ ಬುತ್ತಿ ಎಂದುಕೊಂಡೆ. ಹೊತ್ತು ಹೋಗಲೆಂದು ಅವಳಿಗೆ ಇಸಾಂಪುರದ ಕತೆ ಹೇಳಿದೆ.

ನಮ್ಮ ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಗೆ ನೆಲ ಅಗೆದರು. ಅವರು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಈ ಹುಣಸಗಿ–ಬೈಚಬಾಳ ಕಣಿವೆಯ ಹಳ್ಳ ದಿಬ್ಬಗಳನ್ನು ಕಾಲಲ್ಲಿ ಅಳೆದವರು. ಇಸಾಂಪುರದಲ್ಲಿ ಸಿಕ್ಕಿದ್ದು ಕಲ್ಲಿನ ಕೊಡಲಿ ಮಾಡುವ ಕಾರ್ಖಾನೆ. ಸುಣ್ಣಕಲ್ಲಿನ ಚಪ್ಪಡಿಗಳು, ಬಡಿಯುವ ಗುಂಡುಕಲ್ಲುಗಳು, ಚಕ್ಕೆಗಳ ರಾಶಿ. ಕಂಡಕಂಡ ಕಲ್ಲನ್ನು ಅವರು ಎತ್ತಿಕೊಂಡಿರಲಿಲ್ಲ. ಯಾವ ಹತಾರಿಗೆ ಎಷ್ಟು ದಪ್ಪದ ಚಪ್ಪಡಿ ಒಳ್ಳೆಯದೆಂದು ನೋಡಿ ಆರಿಸಿದ್ದರು. ಇದು ಎಷ್ಟು ಹಳೆಯದು ಎಂದು ಲೆಕ್ಕ ಹಾಕಿದ್ದು ಹೇಗೆ ಗೊತ್ತೇ? ಅಲ್ಲೇ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನಿಂದ! ಹಲ್ಲಿನ ಹೊರಪದರ ಇಷ್ಟು ಕಾಲ ಮಣ್ಣಿನೊಳಗಿದ್ದು ಹೀರಿಕೊಂಡ ವಿಕಿರಣವನ್ನು ಅಳೆದು ಸುಮಾರು 12 ಲಕ್ಷ ವರ್ಷ ಎಂದರು. ಸಂತೆಯಲ್ಲಿ ನಮ್ಮ ಹಲ್ಲು ನೋಡುವವನು ಆರು ತಿಂಗಳು ಆಚೀಚೆ ಮಾಡಿ ಹೇಳುತ್ತಾನೆ, ಇವರು ಲಕ್ಷದಲ್ಲಿ ಆಚೀಚೆ ಮಾಡುತ್ತಾರೆ, ಕಸುಬು ಒಂದೇ.

ಮಾವನಿಗೆ ಹಲ್ಲಿನ ಭಾಗ ಬಹಳ ಹಿಡಿಸಿತು. ಹುಡುಗಿ ಕೇಳಿದ್ದು ಬೇರೆ. "ಆ ಚಪ್ಪಡಿ ಆರಿಸ್ತಿದ್ದೋರು ಕೊಡಲಿ ಮಾಡ್ತಿದ್ದೋರೇ ಅಲ್ಲ, ಮಾಮಾ?"

"ಮತ್ತಿನ್ಯಾರು?"

"ಏನಿಲ್ಲ" ಎಂದು ಕಿಟಕಿಯ ಹೊರಗೆ ನೋಡಿದಳು.

ಲ್ಯಾಪ್‌ಟಾಪು ಎಂಬ ಈ ಮಡಚುವ ಪೆಟ್ಟಿಗೆಯ ಆಕಾರ ಇದೆಯಲ್ಲ, ಪರದೆ ಬಂದು ಕೀಲಿಮಣೆಯ ಮೇಲೆ ಮುಚ್ಚಿಕೊಳ್ಳುವುದು, ಅದನ್ನು ಮೊದಲು ರೂಪಿಸಿದವನೂ ಡಿಸೈನ್ ಓದಿದವನೇ. ಬಿಲ್ ಮಾಗ್ರಿಜ್ ಎಂಬ ಇಂಗ್ಲೆಂಡಿನವನು. ಗ್ರಿಡ್ ಕಂಪಾಸ್ ಎಂಬ ಅವನ ಯಂತ್ರ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ನಾರಾಯಣಪುರದಲ್ಲಿ ನಮ್ಮ ಬಸವಸಾಗರ ಅಣೆಕಟ್ಟು ಮುಗಿದದ್ದೂ 1982ರಲ್ಲೇ. ಕೃಷ್ಣೆಯ ನೀರು ಕಾಲುವೆಗೆ ಬರದಿದ್ದರೆ ನಲವತ್ತು ಚೀಲ ಭತ್ತವಿಲ್ಲ, ಮಾಗ್ರಿಜ್ ಇಲ್ಲದಿದ್ದರೆ ಅದನ್ನು ಮಾರಿ ಕೊಳ್ಳುವ ಪೆಟ್ಟಿಗೆಯೂ ಇಲ್ಲ. ಆ ಗ್ರಿಡ್ ಸುಮಾರು ಐದು ಕಿಲೋ ತೂಗುತ್ತಿತ್ತು, ಬೆಲೆ ಎಂಟು ಸಾವಿರ ಡಾಲರಿಗೂ ಮೇಲೆ. ಅಮೆರಿಕದವರು ಅದನ್ನು ಬಾಹ್ಯಾಕಾಶ ನೌಕೆಯಲ್ಲೂ ಒಯ್ದರು. ಮಾಗ್ರಿಜ್‌ಗೆ ತಾನು ಮಾಡಿದ ಮಡಿಕೆ, ಕೀಲುಗಳ ಮೇಲೆ ಬಹಳ ಅಭಿಮಾನವಿತ್ತು. ಆದರೆ ಒಂದನ್ನು ತನ್ನ ಮುಂದಿಟ್ಟುಕೊಂಡು ಕೆಲಸಕ್ಕೆ ಕೂತ ಮೇಲೆ ಹೊರಗಿನ ಪೆಟ್ಟಿಗೆ ಮರೆತೇಹೋಗಿ, ಪರದೆಯೊಳಗೆ ನಡೆಯುವುದರಲ್ಲೇ ಮುಳುಗಿಹೋದೆನೆಂದು ಅವನೇ ಹೇಳಿಕೊಂಡಿದ್ದಾನೆ. ಮುಂದೆ ಅವನ ಕೆಲಸವೆಲ್ಲ ಆ ಪರದೆಯೊಳಗಿನದೇ ಆಯಿತು. ನಮ್ಮ ಹುಡುಗಿಗೆ ಮಾಗ್ರಿಜ್ ಗೊತ್ತಿರಲಿಲ್ಲ.

ಅಂಗಡಿ ತಂಪಾಗಿತ್ತು. ಇಪ್ಪತ್ತು ಲ್ಯಾಪ್‌ಟಾಪು ಬಾಯಿ ತೆರೆದು ಸಾಲಾಗಿ ಕೂತಿದ್ದವು, ಎಲ್ಲದರಲ್ಲೂ ಕಂಪನಿ ಹಾಕಿಕೊಟ್ಟ ವಿಡಿಯೋ. ಹೋಳು ಮಾಡಿದ ಹಣ್ಣು, ಹಾರುವ ಗಿಳಿ, ಎಲೆಯ ಮೇಲೆ ನೀರಿನ ಹನಿ. ನನ್ನ ಕಣ್ಣಿಗೆ ಎಲ್ಲವೂ ಒಂದಕ್ಕಿಂತ ಒಂದು ಚೆಂದ. ಹುಡುಗಿ ಕೈಚೀಲ ಬಿಚ್ಚಿದಳು. ಬುತ್ತಿಯಲ್ಲ, ಗುಳೇದಗುಡ್ಡದ ಖಣ. ಅವಳ ಆಯಿಯ, ಅಂದರೆ ನನ್ನ ಅವ್ವನ, ಹಳೇ ಕುಪ್ಪಸದಿಂದ ಬಿಚ್ಚಿದ ಗೇಣುದ್ದದ ತುಂಡು. ದಾಳಿಂಬೆ ಕೆಂಪು, ಮೇಲೆ ಸಣ್ಣ ಸೂಜಿಮಲ್ಲಿಗೆ ಬುಟ್ಟಾ. ಅದರ ಫೋಟೋ ಮೊದಲೇ ತೆಗೆದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡಿದ್ದಳು. ಒಂದೊಂದೇ ಲ್ಯಾಪ್‌ಟಾಪಿನಲ್ಲಿ ಆ ಫೋಟೋ ತೆರೆಯುವುದು, ಖಣವನ್ನು ಪರದೆಯ ಪಕ್ಕ ಹಿಡಿಯುವುದು, ತಲೆ ಓರೆ ಮಾಡುವುದು, ಮುಂದಕ್ಕೆ ಹೋಗುವುದು. ಅಂಗಡಿಯ ಹುಡುಗ, "ಮೇಡಂ, ಸೀರಿ ಅಂಗಡಿ ಎದುರಿಗದ" ಎಂದ. ಅವಳು ತಿರುಗಿಯೂ ನೋಡಲಿಲ್ಲ.

ಮೊದಲನೆಯದರಲ್ಲಿ ಖಣ ಇಟ್ಟಂಗಿಯಾಯಿತು. ಮಾವನಿಗೇ ಕಂಡಿತು, ನನಗೂ ಕಂಡಿತು. ಅದರ ವಿವರದ ಚೀಟಿಯಲ್ಲಿ 45% ಎನ್‌ಟಿಎಸ್‌ಸಿ ಎಂದು ಸಣ್ಣದಾಗಿ ಬರೆದಿತ್ತು. ಅದು 1953ರ ಅಮೆರಿಕದ ಬಣ್ಣದ ಟೀವಿಯ ಅಳತೆಗೋಲು. ಈಗಿನ ಕಂಪ್ಯೂಟರುಗಳ ಎಸ್‌ಆರ್‌ಜಿಬಿ ಎಂಬ ಅಳತೆಗೆ ತಂದು ನೋಡಿದರೆ ಮೂರರಲ್ಲಿ ಎರಡು ಪಾಲೂ ಸರಿಯಾಗಿ ತುಂಬುವುದಿಲ್ಲ. ಮನೆಯ ಲೆಕ್ಕ ಬರೆಯಲು ಬೇಕಾದಷ್ಟಾಯಿತು. ಬಣ್ಣದಿಂದ ಅನ್ನ ತಿನ್ನುವವರಿಗೆ ಆಗದು. ಎರಡನೆಯದರಲ್ಲಿ ನೇರ ಕೂತರೆ ದಾಳಿಂಬೆ, ಸ್ವಲ್ಪ ಎದ್ದರೆ ಬದನೆಕಾಯಿ. ಐದನೆಯದೋ ಆರನೆಯದೋ ಒಎಲ್‌ಇಡಿ ಪರದೆಯದು. ಫೋಟೋ ತೆರೆದ ಕೂಡಲೇ ಮಾವ "ಅಬಬಬ!" ಎಂದರು. ಕೆಂಪು ಎಂದರೆ ಕೆಂಪು, ಜಾತ್ರೆಯ ತೇರಿನ ಪಟಾಕಿ. ನಾನು ಇದೇ ಎಂದು ನಿಶ್ಚಯಿಸಿ ಒಳಗಿಸೆಗೆ ಕೈ ಹಾಕಿದೆ.

"ಬ್ಯಾಡ" ಎಂದಳು.

"ಯಾಕವಾ? ಎಲ್ಲಾದರಕಿಂತ ಚಂದ ಅದಲ್ಲ?"

"ಖಣಕಿಂತ ಚಂದ ಅದ, ಮಾಮಾ. ಖಣದಷ್ಟೇ ಇರಬೇಕು."

ಒಎಲ್‌ಇಡಿಯಲ್ಲೂ ಬಣ್ಣವನ್ನು ಎಸ್‌ಆರ್‌ಜಿಬಿಗೆ ತಗ್ಗಿಸುವ ಏರ್ಪಾಡು ಕೆಲವದರಲ್ಲಿ ಇರುತ್ತದೆ, ಅದನ್ನು ಅವಳೇ ಆಮೇಲೆ ಹೇಳಿದಳು. ಆ ಯಂತ್ರದಲ್ಲಿ ಅದು ಸಿಗಲಿಲ್ಲ. ಫೋನಿನ ಫೋಟೋವೇ ನೂರಕ್ಕೆ ನೂರು ನಿಜವಲ್ಲ ಎಂದೂ ಅವಳಿಗೆ ಗೊತ್ತಿತ್ತು; ಅದೇ ಒಂದು ಫೋಟೋ ಇಪ್ಪತ್ತು ಪರದೆಯಲ್ಲಿ ಹೇಗೆ ಬೇರೆಯಾಗುತ್ತದೆ ಎನ್ನುವುದನ್ನು ಹೋಲಿಸಲು ಸಾಕು ಎಂದಳು. ಕೊನೆಗೆ ಮೂಲೆಯಲ್ಲಿ ಬೂದು ಬಣ್ಣದ, ಲೈಟೂ ಇಲ್ಲದ, ಯಾರೂ ನೋಡದ ಒಂದು ಹದಿನಾಲ್ಕು ಇಂಚಿನದರ ಮುಂದೆ ನಿಂತಳು. ಐಪಿಎಸ್ ಪರದೆ, 100% ಎಸ್‌ಆರ್‌ಜಿಬಿ. ಖಣವನ್ನು ಪಕ್ಕಕ್ಕೆ ಹಿಡಿದಳು, ಪರದೆಯನ್ನು ಹಿಂದೆ ಮುಂದೆ ಮಣಿಸಿದಳು, ಮತ್ತೆ ಹಿಡಿದಳು. ಹದಿನಾರು ಜಿಬಿ, 512ರ ಎಸ್‌ಎಸ್‌ಡಿ, ಒಂದೂವರೆ ಕಿಲೋ ಒಳಗೆ. ಅಂಗಡಿಯ ಹುಡುಗನೂ ಬಂದು ಬಗ್ಗಿ ನೋಡಿದ. ನಗಲಿಲ್ಲ.

ಮಾವ ನಲವತ್ತೂವರೆ ಚೀಲ ಎಣಿಸಿ ಕೊಟ್ಟರು. ಯುಪಿಐನಲ್ಲಿ ಕಳಿಸಬಹುದಿತ್ತು, ಎಣಿಸದೆ ಕೊಟ್ಟರೆ ಕೊಟ್ಟಂತೆ ಆಗುವುದಿಲ್ಲ ಎನ್ನುವ ಪೈಕಿ ಅವರು.

ಮನೆಗೆ ತಂದು ಪೂಜೆ ಮಾಡಿ, ಕುಂಕುಮವನ್ನು ಪರದೆಗೆ ಹಚ್ಚದಂತೆ ಅವ್ವನ ಕೈ ಹಿಡಿದು, ಮೊದಲು ಏನು ಬರೆಯುವುದು ಎಂದಾಗ ಊರಿನ ಹೆಸರು ಬರೆ ಎಂದರು ಎಲ್ಲರೂ. ಅವಳು ಫೋಟೋಶಾಪಿನ ಟ್ರಯಲ್ ಹಾಕಿಕೊಂಡಿದ್ದಳು. ಕಕ್ಕೇರಾ ಎಂದು ಒತ್ತಿದರೆ ಪರದೆಯ ಮೇಲೆ ಮೂಡಿದ್ದು ಕಕ್‌ಕೇರಾ. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಮುನಿಸಿಕೊಂಡು ನಿಂತಿತ್ತು. "ಎಪ್ಪತ್ತೆರಡು ಸಾವಿರ ಕೊಟ್ಟು ಊರಿನ ಹೆಸರು ಒಡಕೊಂಡೀವಿ" ಎಂದು ಮಾವ ಕಟ್ಟೆಗೆ ಹೋಗಿ ಕೂತರು. ಇದು ಲ್ಯಾಪ್‌ಟಾಪಿನ ದೋಷವಲ್ಲ. ಎರಡು ಲಕ್ಷದ್ದರಲ್ಲೂ ಹೀಗೇ ಒಡೆಯುತ್ತದೆ. ಫೋಟೋಶಾಪಿನ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸಬೇಕು, ಆಗ ಒತ್ತು ತನ್ನ ಜಾಗಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಕೋರೆಲ್‌ಡ್ರಾದಲ್ಲಿ ನುಡಿಯ ಹಳೇ ಫಾಂಟಿನಲ್ಲೇ ಶುಭಾಶಯ, ಶ್ರದ್ಧಾಂಜಲಿ ಎರಡೂ ನಡೆಯುತ್ತವೆ. ಅವರಿಗೆ ಬೈಯಲಾರೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಅದಕ್ಕೂ ಮೊದಲು ಕೀಲಿಮಣೆಯ ಮೇಲೆ ಕನ್ನಡ ಎಲ್ಲಿ ಕೂರಬೇಕೆಂದು ತೋರಿಸಿದ ಕೆ.ಪಿ. ರಾವ್, ಇವರಿಲ್ಲದಿದ್ದರೆ ನಾನು ಈ ಹರಟೆಯನ್ನೂ ಕೈಯಲ್ಲೇ ಬರೆಯಬೇಕಿತ್ತು. ಈಗ ಯೂನಿಕೋಡ್ ಫಾಂಟುಗಳು ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಮುಂಬೈಯ ಏಕ್ ಟೈಪ್‌ನವರ ಒಂದು ದುಂಡನೆಯ ಕನ್ನಡ ಫಾಂಟಿನ ಹೆಸರು ಬಾಲೂ ತಮ್ಮ. ಹುಡುಗಿ ಅದರಲ್ಲಿ ಕಕ್ಕೇರಾ ಬರೆದು, ಖಣದ ಕೆಂಪು ತುಂಬಿ, ಮಾವನನ್ನು ಕರೆದು ತೋರಿಸಿದಳು. ಅವರು ಬಹಳ ಹೊತ್ತು ನೋಡಿ, "ಈ ಒತ್ತು ನಮ್ಮ ಎತ್ತಿನ ಗೊರಸು ಇದ್ದಂಗದ" ಎಂದರು. ಅದು ಮೆಚ್ಚುಗೆ.

ಸಾಫ್ಟ್‌ವೇರಿಗೆಂದು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಇನ್ನೊಂದು ಕತೆ. ಬ್ಲೆಂಡರ್, ಕ್ರಿಟಾ, ಇಂಕ್‌ಸ್ಕೇಪ್ ಪುಕ್ಕಟೆ. ಆಟೋಡೆಸ್ಕ್‌ನವರು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತಾರೆ. ಉಳಿದದ್ದು ಕಾಲೇಜಿನ ಲ್ಯಾಬಿನಲ್ಲಿ.

ಅವ್ವನ ಮಾತು ಬಿಟ್ಟುಹೋಯಿತು. ಕಟ್ಟೆಯ ಮೇಲೆ ನಮ್ಮ ಚರ್ಚೆ ನಡೆದಿದ್ದ ಆ ಮೊದಲ ದಿನವೇ ಅವಳು ಒಳಗಿನಿಂದ, "ಅದರ ಅಳತಿ ಎಷ್ಟೋ?" ಎಂದು ಕೂಗಿ ಕೇಳಿದ್ದಳು. ಇಂಜಿನಿಯರಿಂಗ್ ಹುಡುಗ ತನ್ನದನ್ನು ನೆನೆದು "ಹದಿನೈದು ಪಾಯಿಂಟ್ ಆರು ಇಂಚು, ಆಯಿ" ಎಂದಿದ್ದ. ಪರದೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ ಎಂದು ಅವ್ವನಿಗೆ ಯಾರು ಹೇಳಬೇಕು? ಅವಳು ಟೇಪು ಹಿಡಿದು ಅಗಲಕ್ಕೇ ಹದಿನಾರು ಇಂಚು ಇಟ್ಟು, ಹಳೇ ಇಳಕಲ್ ಸೀರೆಯ ತುಂಡು, ಮಾವನ ಧೋತರದ ಅಂಚು, ನನ್ನ ಸಾಲಿ ಅಂಗಿಯ ನೀಲಿ ಎಲ್ಲ ಕೂಡಿಸಿ, ಎಳೆ ಎಳೆಯಾಗಿ ಟಾಕು ಹಾಕಿ ಒಂದು ಕೌದಿಯ ಚೀಲ ಹೊಲಿದಿದ್ದಳು. ಖಣದ ತುಂಡು ಉಳಿದದ್ದು ಆ ಹೊಲಿಗೆಯಿಂದಲೇ ಅಂತೆ.

ಬೆಂಗಳೂರಿಗೆ ಹೊರಡುವ ದಿನ ಯಾದಗಿರಿಯಲ್ಲಿ ರೈಲು ಹಿಡಿಯಬೇಕಿತ್ತು. ಹುಡುಗಿ ಹದಿನಾಲ್ಕು ಇಂಚಿನದನ್ನು ಕೌದಿಯೊಳಗೆ ಇಳಿಸಿದಳು. ಅದು ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಒಳಗೆ ಅತ್ತ ಇತ್ತ ಸರಿದಾಡಿತು. ಆ ಬದಿ ನಾಲ್ಕು ಬೆರಳು, ಮೇಲೆ ಮೂರು ಬೆರಳು ಸಡಿಲ. ನಾನು, "ಅವ್ವಾ, ದೊಡ್ಡದಾತಲ್ಲ, ಒಂದೀಟು ಹಿಡಿದು ಹೊಲಿ" ಎಂದೆ. ಅವಳು ಚೀಲದ ಬಾಯಿಯ ಲಾಡಿ ಎಳೆದು ಗಂಟು ಹಾಕುತ್ತ, ಕತ್ತೆತ್ತದೆ ಹೇಳಿದಳು:

"ಇರ್ಲಿ ಬಿಡೋ. ನಾಕು ವರ್ಷದ ಓದಂತ. ಬೆಳಿತದ."